ನಾಲ್ಕನೆಯ ರವೆ ಉಂಡೆ

ನಾನು ಚಿಕ್ಕವಳಿದ್ದಾಗ ನನ್ನ ಕೈಕಾಲುಗಳು ನನ್ನ ಮಾತನ್ನೇ ಕೇಳುತ್ತಿರಲಿಲ್ಲ. ಕೂತರೆ ಕಾಲು ಕುಣಿಯುತ್ತಿತ್ತು, ನಿಂತರೆ ಬೆರಳು ಏನನ್ನಾದರೂ ಕೆದಕುತ್ತಿತ್ತು. ಸ್ವೆಟರಿನ ದಾರ, ಗೋಡೆಯ ಬಣ್ಣ, ಅಕ್ಕನ ಜಡೆಯ ರಿಬ್ಬನ್ನು, ಕೈಗೆ ಸಿಕ್ಕಿದ್ದನ್ನೆಲ್ಲ ಎಳೆದು ನೋಡಲೇಬೇಕು. "ಇವಳ ಕಾಲಿಗೆ ಯಾರೋ ಚಕ್ರ ಕಟ್ಟಿ ಕಳಿಸಿದಾರೆ" ಎಂದು ಅಮ್ಮ ಬೈಯುತ್ತಿದ್ದಳು. ಈಗ ಗಂಟೆಗಟ್ಟಲೆ ಕೂತು ಹೆಣಿಗೆ ಹಾಕುವ ಅಜ್ಜಿಯನ್ನು ನೋಡಿದ ನೀವು ಮೊಮ್ಮಕ್ಕಳು ಇದನ್ನು ನಂಬುವುದಿಲ್ಲ. ನಂಬದಿದ್ದರೆ ಬಿಡಿ, ನನಗೇನು ನಷ್ಟ! ಆದರೆ ಒಂದು ಭಾನುವಾರ ಈ ಕೈಗಳು ಮಾಡಿದ ಕೆಲಸದಿಂದ, ಇಡೀ ಅಮೆರಿಕದಲ್ಲಿ ಅಮ್ಮನಿಗೆ ಸಿಗಲಿದ್ದ ಒಬ್ಬಳೇ ಒಬ್ಬಳು ಗೆಳತಿ ಕೈತಪ್ಪಿ ಹೋಗುವುದರಲ್ಲಿದ್ದಳು.

ಆಗ ಎಪ್ಪತ್ತರ ದಶಕ ಶುರುವಾಗಿತ್ತಷ್ಟೆ. ನಾವು ಮೈಸೂರಿನಿಂದ ನ್ಯೂಜೆರ್ಸಿಗೆ ಬಂದು ಇನ್ನೂ ಒಂದು ವರ್ಷವಾಗಿರಲಿಲ್ಲ. ವುಡ್‌ಬ್ರಿಡ್ಜ್‌ನಲ್ಲಿ ಇಟ್ಟಿಗೆ ಬಣ್ಣದ ಒಂದು ಅಪಾರ್ಟ್‌ಮೆಂಟಿನ ಎರಡನೆಯ ಮಹಡಿ ನಮ್ಮದು. ಅಪ್ಪ ಔಷಧ ತಯಾರಿಸುವ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದರು. ಅಕ್ಕನಿಗೆ ಹದಿಮೂರು, ನನಗೆ ಎಂಟು. ಬೆಳಿಗ್ಗೆ ನಾವು ಮೂವರೂ ಹೊರಟುಬಿಟ್ಟರೆ ಅಮ್ಮ ಒಬ್ಬಳೇ. ಮೈಸೂರಿನಲ್ಲಿ ಹೂ ಮಾರುವವಳಿಂದ ಹಿಡಿದು ಪಕ್ಕದ ಮನೆಯ ಸೊಸೆಯವರೆಗೆ ದಿನಕ್ಕೆ ಇಪ್ಪತ್ತು ಜನರ ಜೊತೆ ಮಾತಾಡುತ್ತಿದ್ದವಳಿಗೆ ಇಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಒಂದು ದಿನ ಸ್ಕೂಲಿನಿಂದ ಬೇಗ ಬಂದ ನನಗೆ ಅಡುಗೆಮನೆಯಲ್ಲಿ ಅಮ್ಮನ ದನಿ ಕೇಳಿಸಿತು. "ನೀನು ಇನ್ನೊಂದು ಸಲ ಕೂಗಿಬಿಡಮ್ಮಾ, ಆಮೇಲೆ ಇಬ್ಬರೂ ಸ್ವಲ್ಪ ಕೂತ್ಕೊಳೋಣ." ಯಾರು ಬಂದಿದ್ದಾರೆಂದು ಓಡಿಹೋಗಿ ನೋಡಿದರೆ, ಅಮ್ಮ ಕುಕ್ಕರಿನ ಜೊತೆ ಮಾತಾಡುತ್ತಿದ್ದಳು. ನಾನು ಬಿದ್ದು ಬಿದ್ದು ನಕ್ಕೆ. ಸಂಜೆ ಅಕ್ಕನಿಗೆ ಹೇಳಿದಾಗ ಅವಳು ಮಾತ್ರ ನಗಲಿಲ್ಲ.

ಆ ಬೇಸಿಗೆಯಲ್ಲಿ ಅಪ್ಪನ ಲ್ಯಾಬಿನವರ ಪಿಕ್ನಿಕ್ ಇತ್ತು. ಅಲ್ಲಿ ಎಲ್ಲರೂ ಮಾಂಸ ಸುಡುವ ಒಲೆಯ ಸುತ್ತ ನಿಂತು ನಗುತ್ತಿದ್ದರೆ ದೂರದ ಮರದ ಕೆಳಗೆ ಇಬ್ಬರು ಹೆಂಗಸರು ಖಾಲಿ ತಟ್ಟೆ ಹಿಡಿದು ನಿಂತಿದ್ದರು. ಒಬ್ಬಳು ಸೀರೆಯ ಮೇಲೆ ಕಾರ್ಡಿಗನ್ ಹಾಕಿದ್ದ ನನ್ನ ಅಮ್ಮ. ಇನ್ನೊಬ್ಬರು ಅಪ್ಪನಿಗಿಂತ ಹಿರಿಯ ವಿಜ್ಞಾನಿಯೊಬ್ಬರ ಹೆಂಡತಿ, ಜಪಾನಿನವರು. ಇಬ್ಬರ ಇಂಗ್ಲಿಷನ್ನೂ ಸೇರಿಸಿದರೆ ಒಂದು ಪೂರ್ತಿ ವಾಕ್ಯ ಆಗುತ್ತಿರಲಿಲ್ಲ. ಆದರೂ ಆ ಆಂಟಿ ತಮ್ಮ ಡಬ್ಬಿಯಿಂದ ಉಪ್ಪು ಹಾಕಿದ ಸೌತೆಕಾಯಿ ತೆಗೆದು ಕೊಟ್ಟರು, ಅಮ್ಮ ಕೈಚೀಲದಿಂದ ಅವಲಕ್ಕಿ ತೆಗೆದು ಕೊಟ್ಟಳು. ಮನೆಗೆ ಬರುವಾಗ ಅಮ್ಮ ಕಾರಿನಲ್ಲಿ ಬಾಯಿ ಮುಚ್ಚಲಿಲ್ಲ. ಅಕ್ಟೋಬರಿನಲ್ಲಿ ಆ ಆಂಟಿಯಿಂದ ಒಂದು ಕಾರ್ಡು ಬಂತು. ಬರುವ ಭಾನುವಾರ ಮಧ್ಯಾಹ್ನ ನಾವೆಲ್ಲರೂ ಅವರ ಮನೆಗೆ ಊಟಕ್ಕೆ ಬರಬೇಕಂತೆ. ಈ ದೇಶದಲ್ಲಿ ನಮ್ಮನ್ನು ಕರೆದ ಮೊದಲ ಮನೆ ಅದು. ಅಮ್ಮ ಆ ಕಾರ್ಡನ್ನು ದೇವರ ಪಟದ ಪಕ್ಕದಲ್ಲಿಟ್ಟಳು.

ಬರಿಗೈಯಲ್ಲಿ ಹೋಗುವುದುಂಟೇ? ಶನಿವಾರ ಅಮ್ಮ ರವೆ ಉಂಡೆಗೆ ಕೂತಳು. ಮೈಸೂರಿನ ರವೆ ಎಲ್ಲಿಂದ ತರುವುದು? ಅಮೆರಿಕದವರು ಬೆಳಿಗ್ಗೆ ಹಾಲಿನಲ್ಲಿ ಬೇಯಿಸಿಕೊಳ್ಳುವ ಬಿಳಿ ರವೆಯ ಡಬ್ಬವೇ ಗತಿ. ಬೆಣ್ಣೆ ಕಾಯಿಸಿ ತುಪ್ಪ ಮಾಡಿದಳು. ರವೆ ಹುರಿದ ವಾಸನೆ ಮೆಟ್ಟಿಲಿಳಿದು ಕೆಳಗಿನವರ ಬಾಗಿಲವರೆಗೂ ಹೋಯಿತು. ಆದರೆ ಆ ಹಾಳು ರವೆ ಉಂಡೆಯಾಗಲು ಒಪ್ಪಲಿಲ್ಲ. ಕಟ್ಟಿದ ಹಾಗೆಲ್ಲ ಬಿರುಕು ಬಿಟ್ಟು ಪುಡಿಪುಡಿಯಾಯಿತು. ಸಂಜೆಯ ಹೊತ್ತಿಗೆ ಕಷ್ಟಪಟ್ಟು ಮೂರು ಉಂಡೆ ನಿಂತವು. ಒಂದೊಂದೂ ಕಿತ್ತಳೆ ಹಣ್ಣಿನಷ್ಟು ದಪ್ಪ.

"ಮೂರು ಸಾಕಲ್ಲ" ಎಂದರು ಅಪ್ಪ.

"ಮೂರನ್ನ ಯಾರಾದ್ರೂ ಕೊಡ್ತಾರೇನ್ರೀ? ಮೂರು ಬಡಿಸಬಾರ್ದು, ಮೂರು ಕೊಡಬಾರ್ದು. ಶತ್ರುಗಳ ಮನೆಗೂ ಯಾರೂ ಮೂರು ತಗೊಂಡು ಹೋಗಲ್ಲ" ಎಂದು ಅಮ್ಮ ಮತ್ತೆ ಬಾಣಲೆ ಇಟ್ಟಳು.

ನಾಲ್ಕನೆಯದಕ್ಕೆ ಒಂದು ಗಂಟೆ ಹಿಡಿಯಿತು. ಇನ್ನಷ್ಟು ತುಪ್ಪ, ಇನ್ನಷ್ಟು ಬಿಸಿ ಹಾಲು, ಮಧ್ಯದಲ್ಲಿ ಮನೆದೇವರಿಗೆ ಒಂದು ಹರಕೆ. ಅಂತೂ ಅದೂ ನಿಂತಿತು. ಅಮ್ಮನ ಅಂಗೈ ಬಿಸಿಗೆ ಕೆಂಪಾಗಿತ್ತು. ನಾಲ್ಕನ್ನೂ ಒಂದು ಬಿಳಿಯ ಕೇಕಿನ ಪೆಟ್ಟಿಗೆಯಲ್ಲಿಟ್ಟು ದಾರ ಕಟ್ಟಿದಳು. ಉಳಿದ ಪುಡಿಯನ್ನು ನಾವು ಚಮಚದಲ್ಲಿ ತಿಂದೆವು.

ಇತ್ತ ಅಪ್ಪ ಲೈಬ್ರರಿಯಿಂದ ಜಪಾನಿನ ಪದ್ಧತಿಗಳ ಪುಸ್ತಕ ತಂದು, ಪರೀಕ್ಷೆಗೆ ಓದುವವರ ಹಾಗೆ ಚೀಟಿ ಮಾಡಿಕೊಂಡಿದ್ದರು. ಭಾನುವಾರ ರೂಟ್ ಒನ್‌ನಲ್ಲಿ ಕಾರು ಓಡಿಸುತ್ತ ಅದನ್ನೆಲ್ಲ ನಮಗೆ ಬಾಯಿಪಾಠ ಮಾಡಿಸಿದರು. ಬಾಗಿಲಲ್ಲಿ ಶೂ ಬಿಚ್ಚಿ ಮೂತಿ ಹೊರಕ್ಕೆ ತಿರುಗಿಸಿ ಇಡಬೇಕು. ಅವರು ಕೊಟ್ಟ ಸ್ಲಿಪ್ಪರ್ ಹಾಕಿಕೊಳ್ಳಬೇಕು, ಚಾಪೆ ಹಾಸಿದ ಕೋಣೆ ಬಂದಾಗ ಅದನ್ನೂ ಬಿಡಬೇಕು. ಉಡುಗೊರೆಯನ್ನು ಎರಡೂ ಕೈಯಲ್ಲಿ ಕೊಟ್ಟು, ಇದೇನೂ ಅಂಥ ದೊಡ್ಡದಲ್ಲ ಎನ್ನಬೇಕು. ಮಂಡಿ ಮಡಚಿ ಹಿಮ್ಮಡಿಯ ಮೇಲೆ ಕೂರಬೇಕು. "ಮತ್ತೆ, ಮಕ್ಕಳು ಅಲ್ಲಾಡಬಾರ್ದು" ಎಂದು ಕನ್ನಡಿಯಲ್ಲಿ ನನ್ನನ್ನೇ ನೋಡಿದರು. ಈ ಕೊನೆಯದು ಪುಸ್ತಕದಲ್ಲಿ ಇದ್ದಿರಲಾರದು ಎಂದು ನನಗೆ ಇವತ್ತಿಗೂ ಅನುಮಾನ.

ಅಮ್ಮ ಪೆಟ್ಟಿಗೆಯನ್ನು ನನ್ನ ತೊಡೆಯ ಮೇಲಿಟ್ಟಿದ್ದಳು, ಅದೇ ಅವಳು ಮಾಡಿದ ತಪ್ಪು. ಅಕ್ಕ ಕಿಟಕಿಗೆ ತಲೆ ಒರಗಿಸಿ ನಿದ್ದೆ ಹೋಗಿದ್ದಳು. ರಸ್ತೆಯ ಎರಡೂ ಕಡೆ ಜೋಳದ ಹೊಲ, ನೋಡಲು ಏನೂ ಇಲ್ಲ. ಮೊದಲು ದಾರವನ್ನು ಎಳೆದು ನೋಡಿದೆ. ಆಮೇಲೆ ಮುಚ್ಚಳವನ್ನು ಸ್ವಲ್ಪ ಎತ್ತಿ ಮೂಗು ತೂರಿಸಿದೆ. ಏಲಕ್ಕಿಯ ಘಮ. ನಾಲ್ಕನೆಯ ಉಂಡೆಯಲ್ಲಿ ಒಂದು ದ್ರಾಕ್ಷಿ ಅರ್ಧ ಹೊರಗೆ ಇಣುಕುತ್ತಿತ್ತು. ಅದೊಂದನ್ನು ಎಳೆದರೆ ಯಾರಿಗೂ ಗೊತ್ತಾಗುವುದಿಲ್ಲ ಅನ್ನಿಸಿತು. ಎಳೆದೆ. ಉಂಡೆ ಸದ್ದಿಲ್ಲದೆ ಎರಡು ಹೋಳಾಯಿತು. ಎರಡನ್ನೂ ಒತ್ತಿ ಸೇರಿಸಲು ಹೋದೆ, ನಾಲ್ಕು ಹೋಳಾಯಿತು. ಒಡೆದದ್ದನ್ನು ಉಡುಗೊರೆ ಕೊಡಲಾದೀತೇ? ಹಾಗಾಗಿ ತಿಂದೆ. ಒಂದು ಹೋಳು, ಇನ್ನೊಂದು ಹೋಳು, ಕೊನೆಗೆ ಪೆಟ್ಟಿಗೆಯ ಮೂಲೆಯ ಪುಡಿಯನ್ನೂ ಬೆರಳಿಗೆ ಅಂಟಿಸಿಕೊಂಡು ನೆಕ್ಕಿದೆ. ಪೂರ್ತಿ ನುಂಗಿದ ಮೇಲೆ ಪೆಟ್ಟಿಗೆಯೊಳಗೆ ನೋಡಿದರೆ ಉಳಿದದ್ದು ಮೂರು.

ಶತ್ರುಗಳ ಮನೆಗೂ ಯಾರೂ ಕೊಡದ ಮೂರು. ದಾರವನ್ನು ಹೇಗೋ ಮತ್ತೆ ಗಂಟು ಹಾಕಿದೆ. ಅಷ್ಟರಲ್ಲಿ ಕಾರು ವೆಸ್ಟ್ ವಿಂಡ್ಸರ್‌ನ ಒಂದು ಬಿಳಿಯ ಮನೆಯ ಮುಂದೆ ನಿಂತಿತು.

ಬಾಗಿಲಲ್ಲಿ ಅಪ್ಪನ ಲ್ಯಾಬಿನ ಅಂಕಲ್, ಆಂಟಿ, ಅಂಕಲ್ ಅವರ ತಾಯಿ ಮೂವರೂ ನಿಂತಿದ್ದರು. ಎಲ್ಲರೂ ನಡು ಬಗ್ಗಿಸಿದರು, ನಾವೂ ಬಗ್ಗಿಸಿದೆವು. ಮನೆಯೊಳಗೆ ಒಣಹುಲ್ಲಿನ ಹಾಗೆ, ಆಗ ತಾನೇ ಬೆಂದ ಅನ್ನದ ಹಾಗೆ ಒಂದು ವಾಸನೆ ಇತ್ತು. ಅಮೆರಿಕಕ್ಕೆ ಬಂದಮೇಲೆ ಶೂ ಬಿಚ್ಚಿ ಒಳಗೆ ಹೋದ ಮೊದಲ ಪರರ ಮನೆ ಅದು. ಚಾಪೆಯ ಕೋಣೆಯಲ್ಲಿ ಗಿಡ್ಡ ಮೇಜು, ಸುತ್ತ ಮಣೆಯಂಥ ಚೌಕ ದಿಂಬುಗಳು. ಅಮ್ಮ ಆ ಮೇಜನ್ನು ಕಂಡು ನಮ್ಮೂರೇ ಸಿಕ್ಕಿದಂತೆ ಹಿಗ್ಗಿದಳು. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ನೀಡಿ, ಅಪ್ಪ ಕಲಿಸಿದ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದಳು. "ದಿಸ್ ಈಸ್ ನಥಿಂಗ್." ಇಡೀ ದಿನದ ಶ್ರಮಕ್ಕೆ ಹಾಗನ್ನಲು ಮನಸ್ಸು ಒಪ್ಪಲಿಲ್ಲವೇನೋ, ತಕ್ಷಣ ಸೇರಿಸಿದಳು. "ಬಟ್ ವೆರಿ ಗುಡ್."

ಆಂಟಿ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಹಣೆಯ ಮಟ್ಟಕ್ಕೆ ಎತ್ತಿ, ಮೂಲೆಯ ಕಪಾಟಿನ ಮೇಲಿಟ್ಟರು. ಮುಚ್ಚಳ ತೆಗೆಯಲಿಲ್ಲ. ಅಬ್ಬ ಎಂದುಕೊಂಡೆ. ಆದರೆ ನೆಮ್ಮದಿ ನಿಮಿಷವೂ ನಿಲ್ಲಲಿಲ್ಲ. ಈಗ ತೆಗೆಯುತ್ತಾರೆ, ಇನ್ನೇನು ತೆಗೆಯುತ್ತಾರೆ ಎಂದು ನನ್ನ ಕಣ್ಣು ಕಪಾಟಿಗೇ ಅಂಟಿಕೊಂಡಿತು. ಹಿಮ್ಮಡಿಯ ಮೇಲೆ ಕೂತ ಕಾಲಿಗೆ ಜುಮ್ಮು ಹಿಡಿಯಿತು. ಒಂದು ಕಾಲನ್ನು ಮೆಲ್ಲಗೆ ಸರಿಸಿದೆ, ಅದು ಪಕ್ಕದಲ್ಲಿದ್ದ ಜಪಾನಿ ಅಜ್ಜಿಯ ಮಂಡಿಗೆ ತಾಗಿತು. ಕಾಲು ತಾಗಿದರೆ ನಾವೇನು ಮಾಡುತ್ತೇವೆ? ಅವರ ಮಂಡಿ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅಜ್ಜಿ ಬೆರಗಾಗಿ ನನಗೆ ತಲೆ ಬಾಗಿಸಿದರು. ಹಿರಿಯರು ಬಾಗಿದರಲ್ಲ ಎಂದು ನಾನೂ ಬಾಗಿದೆ. ಅವರು ಮತ್ತೆ ಬಾಗಿದರು. ಅಕ್ಕ ಹಿಂದಿನಿಂದ ಚಿವುಟದಿದ್ದರೆ ನಾವಿಬ್ಬರೂ ಸಂಜೆಯವರೆಗೆ ಹಾಗೇ ಬಾಗುತ್ತಿದ್ದೆವು.

ಇನ್ನೊಂದು ಪೀಕಲಾಟ ಊಟದಲ್ಲಿ ಶುರುವಾಯಿತು. ಮೀನು ಮಾಂಸ ಯಾವುದೂ ಇಲ್ಲ ಎಂದು ಅಂಕಲ್ ಎರಡೆರಡು ಸಲ ಹೇಳಿದರು. ಮೆತ್ತನೆಯ ಅನ್ನ, ಸೌತೆಕಾಯಿ, ಪುಟ್ಟ ಬಟ್ಟಲಿನಲ್ಲಿ ಸಿಹಿಯಾಗಿ ಬೇಯಿಸಿದ ಕುಂಬಳಕಾಯಿ. ಪ್ರತಿ ಬಟ್ಟಲಿನಲ್ಲೂ ಲೆಕ್ಕ ಮಾಡಿದಂತೆ ಮೂರು ಹೋಳು. ಅಮ್ಮ ಅದನ್ನು ನೋಡಿದ್ದನ್ನು ನಾನು ನೋಡಿದೆ. ಅವಳು ತನ್ನದೊಂದು ಹೋಳನ್ನು ನನ್ನ ಬಟ್ಟಲಿಗೆ ದಾಟಿಸಿದಳು. ಅವಳಿಗೆ ಎರಡು, ನನಗೆ ನಾಲ್ಕು. ಈಗ ಜಪಾನಿ ಅಜ್ಜಿ ನನ್ನ ಬಟ್ಟಲನ್ನು ನೋಡಿ ಉಸಿರೆಳೆದುಕೊಂಡರು. ಅವಸರದಲ್ಲಿ ಇನ್ನೊಂದು ಹೋಳು ಹಾಕಿ ಐದು ಮಾಡಿದರು. ಅಮ್ಮನ ಬಟ್ಟಲಿನಲ್ಲಿ ಎರಡೇ ಇದ್ದದ್ದು ಕಂಡು ಆಂಟಿ ಅಲ್ಲಿಗೂ ಒಂದು ಹಾಕಿದರು. ಮತ್ತೆ ಮೂರು! ಅಮ್ಮ ಮತ್ತೆ ನನಗೆ ದಾಟಿಸಿದಳು. ಯಾರೂ ಯಾರಿಗೂ ಏನೂ ಹೇಳಲಿಲ್ಲ. ಎಲ್ಲರೂ ನಗುನಗುತ್ತ ನನ್ನ ಬಟ್ಟಲಿಗೆ ಕುಂಬಳಕಾಯಿ ಹಾಕಿದರು. ಮೊದಲೇ ಹೊಟ್ಟೆಯಲ್ಲಿ ಕಿತ್ತಳೆ ಹಣ್ಣಿನಷ್ಟು ರವೆ ಉಂಡೆ ಕೂತಿತ್ತು. ಕಣ್ಣಲ್ಲಿ ನೀರು ಬರುವವರೆಗೆ ತಿಂದೆ.

ಊಟ ಮುಗಿಯಿತು, ಹಸಿರು ಚಹಾ ಬಂತು, ಅದೂ ಮುಗಿಯಿತು. ಪೆಟ್ಟಿಗೆ ಕಪಾಟಿನ ಮೇಲೆ ಹಾಗೇ ಇತ್ತು. ಅಮ್ಮನ ಮುಖ ಬರಬರುತ್ತ ಸಣ್ಣದಾಯಿತು. ನಮ್ಮ ಕಡೆ ತಿಂಡಿ ತಂದುಕೊಟ್ಟರೆ ಹಾಗೆ ಮೂಲೆಗಿಡುತ್ತಾರೆಯೇ? ಮುಚ್ಚಳ ತೆಗೆದು ಮೂಸಿ ನೋಡಿ, ಅಯ್ಯೋ ಇಷ್ಟೆಲ್ಲ ಯಾಕೆ ಮಾಡೋಕೆ ಹೋದ್ರಿ ಎಂದು ಅಲ್ಲೇ ಎಲ್ಲರಿಗೂ ಹಂಚುತ್ತಾರೆ. ತೆಗೆಯಲಿ ಎಂದು ಅಮ್ಮ ಕಾಯುತ್ತಿದ್ದಳು, ತೆಗೆಯದಿರಲಿ ಎಂದು ನಾನು ಕಾಯುತ್ತಿದ್ದೆ. ಒಂದೇ ಪೆಟ್ಟಿಗೆಯನ್ನು ನೋಡುತ್ತ ಇಬ್ಬರೂ ಮುಳ್ಳಿನ ಮೇಲೆ ಕೂತಿದ್ದೆವು.

ಹೊರಡುವ ಹೊತ್ತಾಯಿತು. ಬಾಗಿಲ ಬಳಿ ಶೂ ಹಾಕಿಕೊಳ್ಳುತ್ತ ಅಮ್ಮ ತಗ್ಗಿದ ದನಿಯಲ್ಲಿ ಅಪ್ಪನಿಗೆ ಹೇಳಿದಳು.

"ಬಿಚ್ಚಿ ಕೂಡ ನೋಡಲಿಲ್ಲವಲ್ರೀ. ಸುಮ್ನೆ ಫಾರ್ಮಾಲಿಟಿಗೆ ಕರೆದಿದಾರೆ ಅಷ್ಟೆ. ಇನ್ಮೇಲೆ ನಾನು ಇವರಿಗೆ ಫೋನ್ ಮಾಡಲ್ಲ ಬಿಡಿ."

ಕುಕ್ಕರಿನ ಜೊತೆ ಮಾತಾಡುತ್ತಿದ್ದ ಅಮ್ಮ ನನ್ನ ಕಣ್ಣ ಮುಂದೆ ಬಂದಳು. ಸುಮ್ಮನೆ ಕಾರು ಹತ್ತಿದರೆ ನಾನು ಬಚಾವು. ಪೆಟ್ಟಿಗೆಯನ್ನು ನಾವಿಲ್ಲದಾಗ ತೆಗೆಯುತ್ತಾರೆ, ನಾಲ್ಕಿತ್ತೋ ಮೂರಿತ್ತೋ ಯಾರಿಗೆ ಗೊತ್ತು? ಆದರೆ ಅಮ್ಮ ನಾಳೆ ಬೆಳಿಗ್ಗೆಯಿಂದ ಮತ್ತೆ ಒಬ್ಬಳೇ. ಒಂದು ಶೂ ಹಾಕಿದ್ದೆ, ಇನ್ನೊಂದು ಕೈಯಲ್ಲಿತ್ತು. ಆ ಒಂದು ಶೂವನ್ನೂ ಬಿಚ್ಚಿ ಎಸೆದು ಒಳಗೆ ಓಡಿದೆ.

"ಆಂಟಿ, ಪ್ಲೀಸ್ ಓಪನ್ ದ ಬಾಕ್ಸ್!" ಎಂದು ಕಿರುಚಿದೆ.

ಅಪ್ಪನ ಮುಖ ಬಿಳಿಚಿಕೊಂಡಿತು. ಆಂಟಿ ಕಕ್ಕಾಬಿಕ್ಕಿಯಾಗಿ ಅಂಕಲ್ ಕಡೆ ನೋಡಿದರು. ಅಂಕಲ್ ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದರು. ಅತಿಥಿಗಳ ಎದುರಿಗೇ ಉಡುಗೊರೆ ಬಿಚ್ಚುವುದು ಅವರಲ್ಲಿ ಆಸೆಬುರುಕತನವಂತೆ. ಬೆಲೆ ಕಟ್ಟಿದ ಹಾಗೆ ಕಾಣುತ್ತದಂತೆ. ನೀವು ಬಂದಾಗಿನಿಂದ ಒಳಗೇನಿದೆಯೋ ಎಂದು ತನ್ನ ಹೆಂಡತಿ ಕುತೂಹಲ ತಡೆದುಕೊಂಡಿದ್ದಾಳೆ ಎಂದು ನಕ್ಕರು. ಅಪ್ಪ ಅದನ್ನು ಕನ್ನಡದಲ್ಲಿ ಹೇಳಿದಾಗ ಅಮ್ಮ ಹಾಕಿದ್ದ ಶೂ ಬಿಚ್ಚಿದಳು.

ಪೆಟ್ಟಿಗೆ ಮೇಜಿನ ಮೇಲೆ ಬಂತು. ಆಂಟಿ ನನ್ನ ಸೊಟ್ಟ ಗಂಟನ್ನು ಬಿಡಿಸಿ ಮುಚ್ಚಳ ತೆಗೆದರು. ಅಮ್ಮ ಬಗ್ಗಿ ನೋಡಿದಳು. ಮೊದಲು ಪೆಟ್ಟಿಗೆ, ಆಮೇಲೆ ನನ್ನ ಮುಖ, ಆಮೇಲೆ ನನ್ನ ಫ್ರಾಕಿನ ಮೇಲೆ ಬಿದ್ದಿದ್ದ ರವೆ. ನಾನು ತಲೆ ತಗ್ಗಿಸಿ ನೆಲ ಬಿರಿಯಲಿ ಎಂದು ಕಾದೆ.

ಆದರೆ ಜಪಾನಿ ಅಜ್ಜಿ ಬೆರಳು ಮಡಚಿ ಮೂರು ಎಣಿಸಿ ಕೈ ತಟ್ಟಿದರು. ಆಂಟಿಯ ಕಣ್ಣು ಅರಳಿತು. ಅಂಕಲ್ ಹೇಳಿದ್ದು ಇಷ್ಟು. ಮೂರು ಅವರಿಗೆ ಒಳ್ಳೆಯ ಸಂಖ್ಯೆ. ನಾಲ್ಕನ್ನು ಮಾತ್ರ ಅವರಲ್ಲಿ ಯಾರೂ ಯಾರಿಗೂ ಕೊಡುವುದಿಲ್ಲ, ಏಕೆಂದರೆ ನಾಲ್ಕಕ್ಕೆ 'ಶಿ' ಎನ್ನುತ್ತಾರೆ, ಸಾವಿಗೂ 'ಶಿ' ಎನ್ನುತ್ತಾರೆ. ಅಮೆರಿಕದಲ್ಲಿ ಇದೆಲ್ಲ ಯಾರಿಗೂ ತಿಳಿಯದು, ನಿಮಗೆ ಹೇಗೆ ಗೊತ್ತಾಯಿತು ಎಂದು ಅವರು ಅಮ್ಮನನ್ನು ಕೇಳಿದರು.

ಅಮ್ಮ ಸುಳ್ಳು ಹೇಳುವವಳಲ್ಲ. ಅವಳು ನನ್ನ ಕಡೆ ತಿರುಗಿದಳು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದಳು.

"ಮೈ ಡಾಟರ್. ಮೈ ಡಾಟರ್ ಮೇಡ್ ಇಟ್ ತ್ರೀ."

ಎಲ್ಲರೂ ನನ್ನನ್ನು ಹೊಗಳಿದರು. ನಾನು ಗೊಳೋ ಎಂದು ಅತ್ತುಬಿಟ್ಟೆ. ಅಳುತ್ತಲೇ ದ್ರಾಕ್ಷಿಯಿಂದ ಹಿಡಿದು ಎಲ್ಲವನ್ನೂ ಒಪ್ಪಿಕೊಂಡೆ, ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಅಂಕಲ್ ಅದನ್ನು ಜಪಾನಿಯಲ್ಲಿ ಹೇಳಿದಾಗ ಅಜ್ಜಿ ನಕ್ಕು ನಕ್ಕು ಚಾಪೆಯ ಮೇಲೆ ಒರಗಿದರು. ನಮ್ಮಲ್ಲಿ ಮೂರು ಆಗದು ಎಂದು ಅಮ್ಮ ಹೇಳಿದಳು. ಆಗ ಆಂಟಿಗೆ ಕುಂಬಳಕಾಯಿಯ ಗುಟ್ಟು ಹೊಳೆದು, ಅವರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆಂಟಿ ಇನ್ನೊಂದು ಸಲ ಚಹಾ ಮಾಡಿದರು. ಮೂರು ಉಂಡೆಗಳನ್ನು ಚಾಕುವಿನಿಂದ ಕೊಯ್ದು ಎಲ್ಲರೂ ತಿಂದರು, ನನಗೆ ಮಾತ್ರ ಬೇಡವಾಗಿತ್ತು. ಈ ಮನೆಗೆ ಬಂದು ಎರಡು ವರ್ಷವಾಯಿತು, ಊಟಕ್ಕೆ ಬಂದ ಮೊದಲ ಅತಿಥಿಗಳು ನೀವೇ ಎಂದು ಆಂಟಿ ಹರಕು ಇಂಗ್ಲಿಷಿನಲ್ಲಿ ಅಮ್ಮನಿಗೆ ಹೇಳಿದರು. ಅಮ್ಮ ಅವರ ಕೈ ಹಿಡಿದುಕೊಂಡಳು. ಹಾಗೆ ಕೈ ಹಿಡಿಯುವುದು ಜಪಾನಿನ ಪದ್ಧತಿಯಲ್ಲ ಎಂದು ಅಪ್ಪನ ಚೀಟಿಯಲ್ಲಿತ್ತು. ಆದರೆ ಆಂಟಿ ಕೈ ಬಿಡಿಸಿಕೊಳ್ಳಲಿಲ್ಲ.

ಕಾರಿನಲ್ಲಿ ಬೈಗುಳಕ್ಕೆ ಕಾದು ಕೂತೆ. ಅಮ್ಮ ಹಿಂದೆ ತಿರುಗಿ, "ಫ್ರಾಕ್ ಒರೆಸ್ಕೋ" ಎಂದಳು, ಅಷ್ಟೆ. ಶಿಕ್ಷೆ ಮುಂದಿನ ಶನಿವಾರ ಬಂತು. ಆಂಟಿ ನಮ್ಮ ಮನೆಗೆ ಬರುವವರಿದ್ದರು. ನನ್ನನ್ನು ಅಡುಗೆಮನೆಯಲ್ಲಿ ಅಲ್ಲಾಡದೆ ಕೂರಿಸಿ ಅಮ್ಮ ರವೆ ಉಂಡೆ ಕಟ್ಟಿಸಿದಳು. ಐದು. ಅದು ಎರಡೂ ಮನೆಯವರು ಒಪ್ಪಿದ ಸಂಖ್ಯೆ. ಕಡೆಯವರೆಗೂ ಅವರಿಬ್ಬರ ಇಂಗ್ಲಿಷ್ ಸುಧಾರಿಸಲಿಲ್ಲ, ಫೋನು ಮಾತ್ರ ದಿನವೂ ಒಂದು ಗಂಟೆ ನಡೆಯುತ್ತಿತ್ತು.

ಈಗ ಅದೇ ವೆಸ್ಟ್ ವಿಂಡ್ಸರ್‌ನಲ್ಲಿ ನಿಮ್ಮ ಮನೆ ಇದೆ. ಜೋಳದ ಹೊಲಗಳಿಲ್ಲ. ಹತ್ತು ಮನೆಯಲ್ಲಿ ಆರು ಮನೆಯವರು ಬಾಗಿಲಲ್ಲೇ ಶೂ ಬಿಡುತ್ತಾರೆ. ಎಂಥ ರವೆ ಬೇಕಾದರೂ ಅಂಗಡಿಯಲ್ಲಿ ಸಿಗುತ್ತದೆ, ಉಂಡೆ ಕಟ್ಟಿದ್ದೂ ಸಿಗುತ್ತದೆ. ನೀವು ಗೆಳೆಯರ ಮನೆಗೆ ಹೋದರೆ ನೇರವಾಗಿ ಅವರ ಫ್ರಿಜ್ ತೆಗೆಯುತ್ತೀರಿ. "ಅಜ್ಜಿ, ಇಟ್ಸ್ ಫೈನ್, ದೇ ಡೋಂಟ್ ಕೇರ್" ಎನ್ನುತ್ತೀರಿ. ಇರಲಿ, ಅದೂ ಒಂದು ಸಲಿಗೆ. ನನಗೆ ಅದನ್ನು ಕಂಡರೆ ಒಳಗೊಳಗೇ ಸಂತೋಷವೇ.

ಆದರೆ ಹೋದ ವಾರ ನಿಮ್ಮ ಸ್ಕೂಲಿಗೆ ಹೊಸದಾಗಿ ಸೇರಿದ ಹುಡುಗಿ ಆಡಲು ಬಂದಿದ್ದಳಲ್ಲ, ಆ ದಿನ ನಾನು ಕಿಟಕಿಯಲ್ಲಿ ನಿಂತಿದ್ದೆ. ಅವಳು ಕಾರಿನಿಂದ ಇಳಿದು ಒಳಗೆ ಓಡಿ ಬಂದಳು, ನೀವು ಮೇಲಕ್ಕೆ ಓಡಿದಿರಿ. ಕಾರು ಮಾತ್ರ ಹೊರಡಲಿಲ್ಲ. ಅದರೊಳಗೆ ಒಬ್ಬ ಹೆಂಗಸು ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು, ನಮ್ಮ ಬಾಗಿಲನ್ನು ನೋಡುತ್ತ ಕೂತಿದ್ದಳು. ಇಳಿಯಲೋ ಬೇಡವೋ, ಬೆಲ್ ಮಾಡಿದರೆ ಏನೆಂದುಕೊಳ್ಳುತ್ತಾರೋ ಎಂದು ಅವಳ ಬೆರಳುಗಳು ಚೀಲದ ಜಿಪ್ಪನ್ನು ಎಳೆದು ಎಳೆದು ಬಿಡುತ್ತಿದ್ದವು. ನಾನು ಮನೆಯ ಚಪ್ಪಲಿಯಲ್ಲೇ ಹೊರಗೆ ಹೋಗಿ ಗಾಜು ತಟ್ಟಿದೆ. ಅವಳು ಯಾವ ದೇಶದವಳೋ ನಾನು ಕೇಳಲಿಲ್ಲ. ಚಹಾ ಕುಡಿದು ಒಂದೂವರೆ ಗಂಟೆ ಮಾತಾಡಿ ಹೋದಳು.

ಇನ್ನು ಮೇಲೆ ನಿಮ್ಮ ಗೆಳೆಯರನ್ನು ಬಿಡಲು ಯಾರಾದರೂ ಬಂದರೆ, ಮೇಲೆ ಓಡುವ ಮೊದಲು ಆ ಕಾರಿನೊಳಗೆ ಒಮ್ಮೆ ನೋಡಿ ಮಕ್ಕಳೇ. ಅಲ್ಲಿ ನನ್ನ ಅಮ್ಮ ಕೂತಿರುತ್ತಾಳೆ.